ಜಿಪ್ಸಿ ರಾತ್ರಿ ಎಲ್ಲಿ ನಿಲ್ಲುತ್ತಿತ್ತು?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಜಿಪ್ಸಿ ಕೊಳ್ಳಲು ಹುಡುಕುತ್ತಿದ್ದೆ, ನನ್ನ ವಾಟ್ಸಾಪ್‌ಗೆ ಹನ್ನೆರಡು ಫೋಟೊ ಬಂದವು. 2011ರ ಮಾರುತಿ ಜಿಪ್ಸಿ. ಬಿಳಿ ಬಣ್ಣ, ಹೊಸ ಟೈರು, ಅಡಿಯಲ್ಲೆಲ್ಲ ಕಪ್ಪಗೆ ಮಿಂಚುವ ಕೋಟಿಂಗ್. ಗಾಡಿ ಸುರತ್ಕಲ್ ಕಡೆಯದು. ಅದೇ ವಾರ ಮೂಡಿಗೆರೆ ಹತ್ತಿರದ ಕಾಫಿ ತೋಟದಿಂದ ಇನ್ನೊಂದು ಜಿಪ್ಸಿಯ ಫೋಟೊ ಬಂತು. ಅದರ ಮೈತುಂಬ ಕೆಮ್ಮಣ್ಣು. ಬಾಗಿಲ ಅಂಚಿನಲ್ಲಿ ತುಕ್ಕು, ಬಾನೆಟ್ ಮೇಲೆ ಬಣ್ಣ ಎದ್ದುಹೋಗಿತ್ತು. ನಾನಿರುವುದು ಹುಬ್ಬಳ್ಳಿಯಲ್ಲಿ. ಎರಡೂ ಮುನ್ನೂರು ಕಿಲೋಮೀಟರ್ ದಾಟುತ್ತವೆ. ಎರಡೂ ಕಡೆ ಓಡಾಡುವಷ್ಟು ರಜೆ ಇರಲಿಲ್ಲ.

ಜಿಪ್ಸಿ ನಮ್ಮ ದೇಶದಲ್ಲಿ 1985ರ ಕೊನೆಗೆ ಬಂತು, 2018-19ರ ಹೊತ್ತಿಗೆ ನಿಂತುಹೋಯಿತು. ಹಾಗಾಗಿ ಈಗ ಬೇಕು ಅಂದರೆ ಹಳೆಯದೇ ಗತಿ, ಅದೂ ಸಿಕ್ಕ ಊರಿನಿಂದ ತರಬೇಕು. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಕಟ್ಟಿಸಬಹುದು. ಗೇರ್ ಬಾಕ್ಸ್ ಬದಲಾಯಿಸಬಹುದು. ಆದರೆ ಇಂಥ ಗಾಡಿಯ ಬೆನ್ನುಮೂಳೆ ಅದರ ಚಾಸಿ. ಏಣಿಯ ಹಾಗೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅಡ್ಡಕ್ಕೆ ಕೆಲವು ಪಟ್ಟಿ. ಬಾಡಿ, ಎಂಜಿನ್, ಲೀಫ್ ಸ್ಪ್ರಿಂಗ್ ಎಲ್ಲವೂ ಅದರ ಮೇಲೇ ಕೂತಿರುತ್ತವೆ. ಅದಕ್ಕೆ ತುಕ್ಕು ತಿಂದಿದ್ದರೆ ಆ ಗಾಡಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತುಕ್ಕು ಹೇಗೆ ಹಿಡಿಯುತ್ತದೆ ಅಂತ ನೋಡಲು ಲ್ಯಾಬ್ ಬೇಕಿಲ್ಲ, ಒಂದು ಕಬ್ಬಿಣದ ದೋಸೆ ಕಾವಲಿ ಸಾಕು. ಎಣ್ಣೆ ಪಸೆ ಹೋಗುವ ಹಾಗೆ ಒಂದು ಮೂಲೆ ಉಜ್ಜಿ, ಉಪ್ಪುನೀರಿನ ಒಂದು ಹನಿ ಬಿಡಿ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಹನಿಯ ಒಳಗೆ ಕಂದು ಬಣ್ಣದ ಬಳೆಯೊಂದು ಕಾಣುತ್ತದೆ. ಒರೆಸಿದರೆ ತಿಳಿಯುತ್ತದೆ, ಕಬ್ಬಿಣ ಸವೆದಿರುವುದು ಆ ಬಳೆಯ ಕೆಳಗಲ್ಲ, ಹನಿಯ ನಡುವೆ.

ಇದನ್ನು ಬ್ರಿಟನ್ನಿನ ವಿಜ್ಞಾನಿ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಚೆಂದವಾಗಿ ಬಿಡಿಸಿ ತೋರಿಸಿದರು. ಹನಿಯ ಅಂಚು ತೆಳು, ಅಲ್ಲಿ ಗಾಳಿಯ ಆಮ್ಲಜನಕ ಬೇಗ ಸಿಗುತ್ತದೆ. ನಡುವೆ ನೀರು ದಪ್ಪ, ಅಲ್ಲಿಗೆ ಕಡಿಮೆ ತಲುಪುತ್ತದೆ. ಈ ವ್ಯತ್ಯಾಸದಿಂದ ಒಂದೇ ಹನಿ ಪುಟ್ಟ ಬ್ಯಾಟರಿಯಾಗುತ್ತದೆ. ನಡುವಿನ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಕಬ್ಬಿಣದೊಳಗೇ ಹರಿದು ಅಂಚಿಗೆ ಹೋಗಿ ಅಲ್ಲಿನ ಆಮ್ಲಜನಕವನ್ನು ಸೇರುತ್ತವೆ. ಕರಗಿದ ಕಬ್ಬಿಣವೂ ಆಮ್ಲಜನಕವೂ ಎದುರಾದ ಕಡೆ ತುಕ್ಕು ಕೂರುತ್ತದೆ.

ಇದರ ಅರ್ಥ ಏನು ಗೊತ್ತಾ? ಗಾಳಿ ಚೆನ್ನಾಗಿ ಆಡುವ ಜಾಗಕ್ಕಿಂತ ಗಾಳಿ ಸಿಗದ ಒದ್ದೆ ಜಾಗವೇ ಜಾಸ್ತಿ ಕರಗುತ್ತದೆ. ಎರಡು ತಗಡು ಸೇರುವ ಸಂದು, ಕೆಸರು ಮೆತ್ತಿದ ಮೂಲೆ, ಮ್ಯಾಟ್ ಕೆಳಗಿನ ಫ್ಲೋರು, ಚಾಸಿಯ ಟೊಳ್ಳು ಒಳಭಾಗ. ಫೋಟೊದಲ್ಲಿ ಕಾಣದ ಜಾಗಗಳೆಲ್ಲ ಇವೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಅದಕ್ಕೇ ಸಂದಿನೊಳಗೆ ಬೆಳೆದ ತುಕ್ಕು ತಗಡನ್ನೇ ಬಾಗಿಸುತ್ತದೆ, ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಬಾಗಿಲ ಕೆಳ ಅಂಚಿನಲ್ಲಿ ಅಂಥ ಗುಳ್ಳೆ ಕಂಡರೆ ಎಷ್ಟೋ ಸಲ ತುಕ್ಕು ಒಳಗಿನಿಂದ ತಿಂದುಕೊಂಡು ಹೊರಗೆ ಬಂದಿರುತ್ತದೆ.

ಇನ್ನು ಮಳೆಯ ಲೆಕ್ಕ. ಮಲೆನಾಡಿನ ಗಾಡಿ ಅಂದರೆ ತುಕ್ಕು ಗ್ಯಾರಂಟಿ ಅಂತ ತುಂಬ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ಮಳೆನೀರಲ್ಲಿ ಉಪ್ಪು ತೀರಾ ಕಡಿಮೆ. ಸುರಿದು, ತೊಳೆದು, ಹರಿದುಹೋಗುತ್ತದೆ. ಬಿಸಿಲು ಬಿದ್ದರೆ ಒಣಗುತ್ತದೆ. ಕಡಲ ಉಪ್ಪು ಹಾಗಲ್ಲ, ಕೂತಲ್ಲೇ ಕೂತಿರುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ಮುಟ್ಟಿದರೆ ತಾನೇ ನೀರಾಗಲು ಶುರು ಮಾಡುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33 ಸಾಕು. ಅಂದರೆ ಒಂದು ಹನಿ ಮಳೆ ಬೀಳದಿದ್ದರೂ ಕರಾವಳಿಯ ಗಾಡಿಯ ಸಂದುಗಳಲ್ಲಿ ತೆಳುವಾದ ಉಪ್ಪುನೀರಿನ ಪದರ ಹಗಲು ರಾತ್ರಿ ಉಳಿಯಬಹುದು. ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಸುವುದರಿಂದ ಇವಾನ್ಸರ ಆ ಪುಟ್ಟ ಬ್ಯಾಟರಿ ಬಿರುಸಾಗಿ ಕೆಲಸ ಮಾಡುತ್ತದೆ.

ಹಾಗಂತ ಇಡೀ ಕರಾವಳಿಯ ಗಾಡಿಗಳನ್ನು ಬೇಡ ಅನ್ನಬೇಕಿಲ್ಲ. ಅಲೆಯಿಂದ ಎದ್ದ ಉಪ್ಪಿನ ತುಂತುರು ದಡದಿಂದ ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ. ಅಮೆರಿಕದ ಉತ್ತರ ಕೆರೊಲಿನಾದ ಕ್ಯೂರ್ ಬೀಚಿನಲ್ಲಿ ಕಡಲಿಂದ ಸುಮಾರು 25 ಮೀಟರ್ ಮತ್ತು 250 ಮೀಟರ್ ದೂರದಲ್ಲಿ ಲೋಹದ ತುಂಡುಗಳನ್ನು ಬಯಲಿಗಿಟ್ಟು ದಶಕಗಳಿಂದ ಪರೀಕ್ಷೆ ನಡೆಸಿದ್ದಾರೆ. ಹತ್ತಿರದ ಸಾಲಿನ ಉಕ್ಕು ದೂರದ ಸಾಲಿಗಿಂತ ಹಲವು ಪಟ್ಟು ಬೇಗ ಸವೆಯುತ್ತದೆ. ಅದಕ್ಕೇ ಗಾಡಿ ಯಾವ ಜಿಲ್ಲೆಯದು ಅಂತ ಕೇಳಿದರೆ ಸಾಲದು. ರಾತ್ರಿ ಎಲ್ಲಿ ನಿಲ್ಲುತ್ತಿತ್ತು, ಬೀಚಿಗೆ ಇಳಿಸಿದ್ದರಾ, ಇಳಿಸಿದ ಮೇಲೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿದ್ದರಾ ಅಂತ ಕೇಳಬೇಕು.

ಅಮೆರಿಕದಲ್ಲಿ ಈ ಉಪ್ಪು ಕಡಲಿಂದಲೇ ಬರಬೇಕಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಸುರಿಯುತ್ತಾರೆ. ಟೊಯೋಟಾದ ಟಕೋಮಾ ಪಿಕಪ್‌ಗಳ ಚಾಸಿ ತೂತು ಬೀಳುವಷ್ಟು ತುಕ್ಕು ಹಿಡಿದು, ಪ್ರಕರಣ ಕೋರ್ಟಿಗೆ ಹೋಗಿ, ಕೆಟ್ಟ ಚಾಸಿಗಳನ್ನು ಕಂಪನಿಯೇ ಬದಲಾಯಿಸಿ ಕೊಡಲು 2016ರಲ್ಲಿ ಒಪ್ಪಿತು. ಡೆಟ್ರಾಯಿಟ್, ಷಿಕಾಗೊ ಕಡೆ ಇರುವ ನಮ್ಮವರು ಹಳೆ ಗಾಡಿಯನ್ನು ಅರಿಜೋನಾದಂಥ ಒಣ ರಾಜ್ಯದಿಂದ ತರಿಸಿದರೆ ಆ ಸಾಗಣೆ ಖರ್ಚು ದಂಡವಲ್ಲ.

ಕೊಡಚಾದ್ರಿಗೆ ಜೀಪಿನಲ್ಲಿ ಹೋದವರು ಮೂಲ ಮೂಕಾಂಬಿಕೆಯ ಗುಡಿ ಮುಂದಿನ ಕಬ್ಬಿಣದ ಕಂಬ ನೋಡಿರುತ್ತೀರಿ. ಆ ಮಳೆ, ಆ ಮಂಜು ಎಲ್ಲವನ್ನೂ ತಡೆದುಕೊಂಡು ಅದು ನಿಂತಿದೆ. ದೆಹಲಿಯ ಕಂಬ ಅದಕ್ಕಿಂತ ಹೆಸರುವಾಸಿ, ಸುಮಾರು 1,600 ವರ್ಷ ಹಳೆಯದು. ಅದರ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಇರುವುದರಿಂದ ಮೇಲೆ ತೆಳು ರಕ್ಷಣಾ ಪದರ ಕಟ್ಟಿದೆ ಅಂತ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ನನಗೆ ಈ ಕಂಬಗಳ ಇನ್ನೊಂದು ಗುಣ ಮುಖ್ಯವಾಗಿ ಕಾಣುತ್ತದೆ. ಇವು ಗಟ್ಟಿ ಕಂಬಗಳು. ನೀರು ಒಳಹೊಕ್ಕು ಅಡಗಲು ಟೊಳ್ಳಿಲ್ಲ. ಮಳೆ ತೊಳೆಯುತ್ತದೆ, ಗಾಳಿ ಒಣಗಿಸುತ್ತದೆ. ಅದೇ ಗುಡ್ಡ ಹತ್ತುವ ಜೀಪಿನ ಚಾಸಿ ಕೆಲವೇ ಮಿಲಿಮೀಟರ್ ದಪ್ಪದ ತಗಡಿನ ಟೊಳ್ಳು. ನೀರಿಳಿಯುವ ತೂತಿಗೆ ಕೆಸರು ಕಟ್ಟಿದರೆ ಅದು ಒಣಗುವುದೇ ಇಲ್ಲ. ಮಲೆನಾಡಿನ ಗಾಡಿಗೆ ಕುತ್ತು ಬರುವುದು ಹೀಗೆ.

ಕೊನೆಗೆ ಎರಡೂ ಊರಲ್ಲಿ ಗೊತ್ತಿದ್ದವರ ಮೂಲಕ ಒಬ್ಬೊಬ್ಬ ಮೆಕ್ಯಾನಿಕ್‌ನನ್ನು ಹಿಡಿದೆ. ಮಾರುವವರ ಮೆಕ್ಯಾನಿಕ್ ಅಲ್ಲ, ನಾನೇ ದುಡ್ಡು ಕೊಟ್ಟು ಕಳಿಸಿದವರು. ಸುತ್ತಿಗೆ, ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ತಗೊಂಡು ಹೋಗಿ, ಗಾಡಿ ಕೆಳಗೆ ಮಲಗಿ ವಿಡಿಯೊ ಕಾಲ್ ಮಾಡಿ ಅಂದೆ.

ಸುರತ್ಕಲ್ಲಿನ ಗಾಡಿಯ ಬಾಗಿಲಿಗೆ ಅಯಸ್ಕಾಂತ ಎರಡು ಕಡೆ ಹಿಡಿಯಲೇ ಇಲ್ಲ. ಬಣ್ಣದ ಕೆಳಗೆ ದಪ್ಪಗೆ ಪುಟ್ಟಿ, ಅಂದರೆ ತೂತು ತಗ್ಗು ಮುಚ್ಚಲು ಮೆತ್ತುವ ಪೇಸ್ಟು. ಚಾಸಿಗೆ ಸುತ್ತಿಗೆಯಿಂದ ಬಡಿಯುತ್ತಾ ಬಂದರು. ಮುಂದೆ ಟಣ್ ಟಣ್ ಅನ್ನುತ್ತಿದ್ದ ಸದ್ದು ಹಿಂದಿನ ಸ್ಪ್ರಿಂಗ್ ಕಟ್ಟುವ ಜಾಗಕ್ಕೆ ಬಂದಾಗ ದಪ್ ಅಂತಾಯಿತು. ಆ ಮಿಂಚುವ ಕಪ್ಪು ಕೋಟಿಂಗ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ‘ನೋಡಿ ಮಾರಾಯ್ರೆ, ಒಳಗೇ ಹೋಯ್ತು’ ಅಂದರು. ಕಂದು ಪುಡಿ ಅವರ ಮುಖದ ಮೇಲೆ ಉದುರುವುದು ನನಗೆ ಹುಬ್ಬಳ್ಳಿಯಲ್ಲಿ ಕಾಣುತ್ತಿತ್ತು.

ಮೂಡಿಗೆರೆಯ ಮೆಕ್ಯಾನಿಕ್ ಮೊದಲು ಅರ್ಧ ಗಂಟೆ ನೀರು ಹೊಡೆದು ಕೆಮ್ಮಣ್ಣು ಇಳಿಸಿದರು. ಫ್ಲೋರಿನಲ್ಲಿ ಡ್ರೈವರ್ ಕಾಲ ಬಳಿ ಅಂಗೈ ಅಗಲದ ತೂತು. ಹಿಂದಿನ ಅಡ್ಡಪಟ್ಟಿಯ ಮೇಲೆ ತುಕ್ಕು, ಕೆರೆದರೆ ಕೆಳಗೆ ಹೊಳೆಯುವ ಕಬ್ಬಿಣ. ಸುತ್ತಿಗೆ ಸದ್ದು ಕೊನೆಯವರೆಗೂ ಟಣ್. ಚಾಸಿ ಮೇಲಿನ ನಂಬರ್ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಇದೂ ಸಣ್ಣ ವಿಷಯ ಅಲ್ಲ, ತುಕ್ಕು ಆ ನಂಬರನ್ನು ತಿಂದುಬಿಟ್ಟರೆ ಆರ್‌ಟಿಒದಲ್ಲಿ ಪೇಚಾಟ.

ಫ್ಲೋರಿನ ವೆಲ್ಡಿಂಗ್ ಮತ್ತು ಟಿಂಕರಿಂಗ್ ಖರ್ಚು ಹಿಡಿದು ಬೆಲೆ ಇಳಿಸಿ ಅಂದೆ. ಒಪ್ಪಿದರು. ಮರುದಿನ ರಾತ್ರಿ ಬಸ್ಸಿಗೆ ಮೂಡಿಗೆರೆಗೆ ಹೊರಟೆ.