ಕಂಪನಿಯ ಖರ್ಚಿನಲ್ಲಿ ಲಾರಿ ಕಲಿಯುವುದಾದರೆ, ಬಾಂಡಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನನಗೆ 22 ವರ್ಷ, ಊರು ಬ್ರಹ್ಮಾವರದ ಹತ್ತಿರ. ಕಾರಿನ ಲೈಸೆನ್ಸ್ ಆಗಿ ಎರಡು ವರ್ಷವಾಯಿತು. ಬೈಕಂಪಾಡಿಯ ಸಾರಿಗೆ ಕಂಪನಿಯೊಂದು ತನ್ನದೇ ಖರ್ಚಿನಲ್ಲಿ ಹೆವಿ ಲೈಸೆನ್ಸ್ ಮಾಡಿಸಿ, ತರಬೇತಿ ಕೊಟ್ಟು, ದೂರದ ಟ್ರಿಪ್‌ಗಳಿಗೆ ಕಳುಹಿಸುವುದಾಗಿ ಹೇಳುತ್ತಿದೆ. ಎರಡು ವರ್ಷ ಅಲ್ಲಿಯೇ ದುಡಿಯುವುದಾಗಿ ಬಾಂಡ್ ಬರೆದುಕೊಡಬೇಕಂತೆ. ಒಪ್ಪಿಕೊಳ್ಳಲೇ, ಅಥವಾ ಸ್ವಂತ ಹಣದಲ್ಲಿ ಕಲಿಯುವುದೇ ಒಳ್ಳೆಯದೇ?

ಉತ್ತರ: ಸುರತ್ಕಲ್ಲಿನಿಂದ ಕುಂದಾಪುರದವರೆಗಿನ ಯುವಕರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಇದು. ಒಪ್ಪಿಕೊಳ್ಳಬಹುದು ಎಂಬುದೇ ನನ್ನ ಉತ್ತರ. ಆದರೆ ಕಂಪನಿ ಕೊಡುವುದು ಬರೀ ಲೈಸೆನ್ಸೋ, ಅಥವಾ ಲೋಡು ತುಂಬಿದ ಲಾರಿಯನ್ನು ಅನುಭವಿ ಚಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತಿಸಿ ಇಳಿಸುವ ಅಭ್ಯಾಸವನ್ನೂ ಕೊಡುತ್ತದೋ ಎಂಬುದು ನಿಮಗೆ ಮೊದಲೇ ಖಚಿತವಾಗಬೇಕು. ಬರೀ ಲೈಸೆನ್ಸಿಗಾಗಿ ಎರಡು ವರ್ಷ ಬರೆದುಕೊಡುವ ಅಗತ್ಯ ನಿಮಗಿಲ್ಲ.

ಲೈಸೆನ್ಸಿನ ವಿಷಯ ಸರಳವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಎರಡೂ ನಿಮಗೆ ಇವೆ. ಎಂಟನೇ ತರಗತಿ ಓದಿರಬೇಕೆಂಬ ಷರತ್ತು 2019ರಲ್ಲಿ ರದ್ದಾಗಿದೆ. ಇನ್ನು ಬೇಕಾಗಿರುವುದು ವೈದ್ಯಕೀಯ ಪ್ರಮಾಣಪತ್ರ ಮತ್ತು ತರಬೇತಿ ಶಾಲೆ ಕೊಡುವ ನಮೂನೆ 5ರ ಪ್ರಮಾಣಪತ್ರ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆಂದು 2021ರಲ್ಲಿ ಜಾರಿಗೆ ಬಂದ ನಿಯಮಗಳು ಘನ ವಾಹನದ ಕಲಿಕೆಗೆ 38 ಗಂಟೆಗಳ ಪಾಠಕ್ರಮವನ್ನು ಗೊತ್ತುಪಡಿಸಿವೆ. ಶುಲ್ಕ ಯಾರೇ ಕಟ್ಟಿರಲಿ, ಲೈಸೆನ್ಸ್ ನಿಮ್ಮ ಹೆಸರಿನಲ್ಲಿ ಇರುತ್ತದೆ, ನಿಮ್ಮ ಬಳಿಯೇ ಇರಬೇಕು. ಆದ್ದರಿಂದ ಉಡುಪಿಯಲ್ಲೋ ಮಂಗಳೂರಿನಲ್ಲೋ ಎರಡು ಮೂರು ತರಬೇತಿ ಶಾಲೆಗಳಿಗೆ ಹೋಗಿ ಹೆವಿ ಲೈಸೆನ್ಸಿಗೆ ಒಟ್ಟು ಎಷ್ಟು ಖರ್ಚಾಗುತ್ತದೆಂದು ವಿಚಾರಿಸಿ, ಆ ಮೊತ್ತವನ್ನು, ನಡುವೆ ಕೆಲಸ ಬಿಟ್ಟರೆ ಕಟ್ಟಬೇಕೆಂದು ಬಾಂಡಿನಲ್ಲಿ ಬರೆದಿರುವ ಮೊತ್ತದ ಪಕ್ಕದಲ್ಲಿಟ್ಟು ನೋಡಿ. ಎರಡರ ನಡುವಿನ ಅಂತರಕ್ಕೆ ಪ್ರತಿಯಾಗಿ ಏನು ಕಲಿಸುತ್ತೀರಿ ಎಂದು ಕಂಪನಿಯನ್ನು ಕೇಳುವ ಹಕ್ಕು ನಿಮಗಿದೆ.

ಆ ಅಂತರ ನ್ಯಾಯವಾಗುವುದು ಘಾಟಿಯಲ್ಲಿ. ಮೈದಾನದಲ್ಲಿ ಖಾಲಿ ಲಾರಿ ತಿರುಗಿಸಲು ಕಲಿತವರಿಗೆ, ಹಿಂದಿನಿಂದ ಮೂವತ್ತು ಟನ್ ತಳ್ಳುತ್ತಿರುವಾಗ ಸಕಲೇಶಪುರದಿಂದ ಶಿರಾಡಿ ಘಾಟಿಯಲ್ಲಿ ಗುಂಡ್ಯಕ್ಕೆ ಇಳಿಯುವುದು ಹೇಗೆಂದು ಗೊತ್ತಿರುವುದಿಲ್ಲ. ಒಮ್ಮೆ ದೋಣಿಗಾಲ್ ಬಳಿ, ಇಳಿಜಾರು ಶುರುವಾಗುವ ಮೊದಲು, ವಯಸ್ಸಾದ ಚಾಲಕರೊಬ್ಬರು ಲಾರಿ ನಿಲ್ಲಿಸಿ ವೀಲ್ ಸ್ಪ್ಯಾನರಿನಿಂದ ಒಂದೊಂದು ಟೈರಿಗೂ ಬಡಿದು ಸದ್ದು ಕೇಳುತ್ತಾ ಸುತ್ತು ಬಂದುದನ್ನು ಕಂಡಿದ್ದೇನೆ. ಆಮೇಲೆ ಕ್ಯಾಬಿನ್ ಹತ್ತಿ, ಏರ್ ಗೇಜಿನ ಮುಳ್ಳು ಮೇಲೇರುವವರೆಗೂ ಎಂಜಿನ್ ಓಡಿಸುತ್ತಾ ಕುಳಿತಿದ್ದು, ಕೆಳಗಿನ ಗೇರಿಗೆ ಹಾಕಿಯೇ ಹೊರಟರು. ಪಕ್ಕದಲ್ಲಿ ಕುಳಿತಿದ್ದ ಹುಡುಗನಿಗೆ ಅವರು ಹೇಳಿದ್ದು ಇಷ್ಟೇ: "ಹತ್ತುವಾಗ ಯಾವ ಗೇರೋ, ಇಳಿಯುವಾಗಲೂ ಅದೇ ಗೇರು." ಬ್ರೇಕನ್ನು ತುಳಿದೇ ಇಟ್ಟರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ನಿನ ತಡೆಯೇ ಇರುವುದಿಲ್ಲ, ಎಂಜಿನ್ನನ್ನೇ ಆರಿಸಿದರೆ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಇವುಗಳನ್ನು ಓದಿ ತಿಳಿಯಬಹುದಾದರೂ ಕಾಲಿಗೆ ರೂಢಿಯಾಗುವುದು ಗುರುವೊಬ್ಬರ ಕಣ್ಣೆದುರಿನಲ್ಲಿ ಹತ್ತಾರು ಸಲ ಇಳಿದ ಮೇಲೆಯೇ. ಈ ಅವಕಾಶವನ್ನು ಸಾಮಾನ್ಯ ತರಬೇತಿ ಶಾಲೆ ಕೊಡಲಾರದು. ಕೊಟ್ಟರೆ ಲಾರಿ, ಲೋಡು, ಹಿರಿಯ ಚಾಲಕ ಮೂರೂ ಇರುವ ಕಂಪನಿಯೇ ಕೊಡಬೇಕು.

ಎಲ್‌ಪಿಜಿ ಅಥವಾ ಪೆಟ್ರೋಲಿಯಂ ಟ್ಯಾಂಕರಿನ ಕೆಲಸವಾದರೆ ಇನ್ನೂ ಒಂದು ಮೆಟ್ಟಿಲಿದೆ. ಅಪಾಯಕಾರಿ ಸರಕು ಸಾಗಿಸುವವರು ಪ್ರತ್ಯೇಕವಾಗಿ ಮೂರು ದಿನಗಳ ತರಬೇತಿ ಪಡೆದು ಅದನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡ ದಿನವನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಈ ಮೂರು ದಿನಗಳನ್ನು ಕಾಗದದ ಮೇಲೆ ಮುಗಿಸುವ ಕಂಪನಿಯಾದರೆ ಬೇರೇನನ್ನೂ ವಿಚಾರಿಸದೆ ಎದ್ದು ಬನ್ನಿ.

ಇನ್ನು ಬಾಂಡ್. "ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂಬ ಗೆಳೆಯರ ಮಾತನ್ನು ನಂಬಿ ಸಹಿ ಹಾಕಬೇಡಿ. 1931ರಲ್ಲಿ ಮಂಗಳೂರಿನಲ್ಲಿಯೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅಲ್ಲಿದ್ದುದು ಬ್ಯಾಂಕಿನ ಹಿರಿಯ ಅಧಿಕಾರಿಯ ಹುದ್ದೆ ಎಂಬುದೂ ನಿಜ. ಬಾಂಡಿನಲ್ಲಿ ಎಷ್ಟೇ ಬರೆದಿದ್ದರೂ ಆ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಲ್ಲಬೇಕೆಂದು 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಆದರೆ ಆ ನ್ಯಾಯಕ್ಕಾಗಿ ಅಲೆಯುವ ಸ್ಥಿತಿ ಬರುವ ಮೊದಲೇ, ದುಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತಾ ಹೋಗಬೇಕೆಂದು ಬರೆಸಿಕೊಳ್ಳಿ. ಇಪ್ಪತ್ತು ತಿಂಗಳು ದುಡಿದವನೂ ಎರಡೇ ತಿಂಗಳಲ್ಲಿ ಬಿಟ್ಟವನೂ ಒಂದೇ ಮೊತ್ತ ಕಟ್ಟಬೇಕೆನ್ನುವ ಬಾಂಡ್ ಸರಿಯಲ್ಲ. ಕಂಪನಿಯೇ ಕೆಲಸದಿಂದ ತೆಗೆದರೆ, ಅಪಘಾತವೋ ಕಾಯಿಲೆಯೋ ಬಂದರೆ ಏನೆಂಬುದೂ ಅದರಲ್ಲಿ ಇರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಪ್ರತಿಯನ್ನಾಗಲಿ ಲೈಸೆನ್ಸನ್ನಾಗಲಿ ಒತ್ತೆಯಿಡಬೇಡಿ. ನನ್ನ ಪರಿಚಯದ ಹುಡುಗನೊಬ್ಬ ಹೀಗೆ ಅಂಕಪಟ್ಟಿ ಕೊಟ್ಟು, ಅದನ್ನು ಮರಳಿ ಪಡೆಯಲು ಐದು ತಿಂಗಳು ಆ ಕಚೇರಿಯ ಮೆಟ್ಟಿಲು ಹತ್ತಿಳಿದ. ಅವನ ತಾಯಿ ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದರೆಂಬುದು ನನ್ನನ್ನು ಈಗಲೂ ಕಾಡುತ್ತದೆ.

ತರಬೇತಿಯ ಅವಧಿಯಲ್ಲಿ ಸಂಬಳವೆಷ್ಟು, ಭತ್ಯೆ ಎಷ್ಟು, ದಂಡ ಬಿದ್ದರೆ ಯಾರು ಕಟ್ಟಬೇಕು ಎಂಬುದನ್ನು ಕೇಳಿ. ಹೆವಿ ಲೈಸೆನ್ಸ್ ಕೈಗೆ ಬರುವ ಮೊದಲೇ "ರಾತ್ರಿ ಸ್ವಲ್ಪ ಹೊತ್ತು ಹಿಡಿ" ಎಂದು ಸ್ಟೇರಿಂಗ್ ಕೊಟ್ಟರೆ ಮುಟ್ಟಬೇಡಿ. ಕಲಿಕಾ ಲೈಸೆನ್ಸ್ ಇದ್ದರೂ ಎಲ್ ಫಲಕ ಹಾಕಿ, ಅರ್ಹ ತರಬೇತುದಾರರು ಪಕ್ಕದಲ್ಲಿದ್ದಾಗ ಮಾತ್ರ ಓಡಿಸಬಹುದು. ಆತುರವಿಲ್ಲದಿದ್ದರೆ ನಿಮಗೆ ಇನ್ನೊಂದು ದಾರಿಯೂ ಇದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಈಗಿನ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಮಲ್ಪೆಯ ಮೀನಿನ ಸಣ್ಣ ಗಾಡಿಗಳಲ್ಲಿ ಒಂದು ವರ್ಷ ದುಡಿದು, ಶುಲ್ಕವನ್ನು ತಾವೇ ಕಟ್ಟಿಕೊಂಡು ಹೆವಿಗೆ ಏರಿದವರು ನಿಮ್ಮ ಸುತ್ತಮುತ್ತಲೂ ಸಿಗುತ್ತಾರೆ.

ಕಂಪನಿಯ ಕಚೇರಿಗೆ ಮತ್ತೆ ಹೋಗುವ ಮೊದಲು ಬೈಕಂಪಾಡಿಯಲ್ಲಿ ಲೋಡಿಗಾಗಿ ಕಾಯುತ್ತಿರುವ ಅದೇ ಕಂಪನಿಯ ಲಾರಿಗಳ ಬಳಿ ಹೋಗಿ, ಅಲ್ಲಿಯೇ ತರಬೇತಿ ಪಡೆದ ಇಬ್ಬರು ಚಾಲಕರನ್ನು ಮಾತನಾಡಿಸಿ. ಒಬ್ಬರೇ ಶಿರಾಡಿ ಇಳಿದದ್ದು ಎಷ್ಟನೇ ಟ್ರಿಪ್ಪಿನಲ್ಲಿ, ಅಲ್ಲಿಯವರೆಗೆ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿ.