ಎರಡು ಕೋಶಕ್ಕೇ ನಿಲ್ಲುವ ಭ್ರೂಣ: ಗ್ಲೂಕೋಸ್ ಒಂದೇ ತಪ್ಪಿತಸ್ಥ ಅಲ್ಲ

ಇಲಿಯ ಅಂಡನಾಳದಿಂದ ತೆಗೆದು ಲ್ಯಾಬಿನ ಪೋಷಕ ದ್ರಾವಣದಲ್ಲಿ (ಮೀಡಿಯಂ) ಇಟ್ಟ ಏಕಕೋಶ ಭ್ರೂಣಗಳು ಮರುದಿನ ಎರಡು ಕೋಶಗಳಾಗುತ್ತವೆ. ಅದರ ಮರುದಿನ ನೋಡಿದರೂ ಎರಡೇ. ಸತ್ತಿಲ್ಲ, ಕೋಶಗಳು ದುಂಡಗೆ ಹೊಳೆಯುತ್ತಿವೆ, ಆದರೆ ಮುಂದೆ ಹೋಗುತ್ತಿಲ್ಲ. ಇದೇ ಟು-ಸೆಲ್ ಬ್ಲಾಕ್. ತಾಯಿ ಅಂಡದಲ್ಲಿ ತುಂಬಿಟ್ಟ ಸರಕು ಕರಗುತ್ತಾ, ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಶುರುಮಾಡುವ ಹೊತ್ತು ಅದು. ಹಸುವಿನ ಭ್ರೂಣ ಇದೇ ಕಾರಣಕ್ಕೆ 8–16 ಕೋಶದಲ್ಲಿ ಮುಗ್ಗರಿಸುತ್ತದೆ.

ಏಕಕೋಶ ಭ್ರೂಣಕ್ಕೆ ಗ್ಲೂಕೋಸ್ ಕೊಡುವುದೆಂದರೆ ಹಸುಗೂಸಿಗೆ ಹಬ್ಬದೂಟ ಬಡಿಸಿದಂತೆ. ಅದಕ್ಕೆ ಬೇಕಾದ್ದು ಪೈರುವೇಟ್, ಗ್ಲೂಕೋಸ್ ಒಡೆದಾಗ ಸಿಗುವ ಸಣ್ಣ ಅಣು. ಅದಿಲ್ಲದೆ ಬರೀ ಗ್ಲೂಕೋಸ್ ಮೇಲೆ ಮೊದಲ ವಿಭಜನೆಯೇ ಆಗದು. ಎರಡು ಕೋಶಕ್ಕೆ ಲ್ಯಾಕ್ಟೇಟ್ ಸಾಕಾಗುತ್ತದೆ; ಗ್ಲೂಕೋಸ್ ಒಂದನ್ನೇ ನಂಬಿ ಬದುಕುವ ಶಕ್ತಿ ಬರುವುದು ಎಂಟು ಕೋಶದ ಹೊತ್ತಿಗೆ.

ಎಂ16 ಎಂಬ ಹಳೆಯ ಮೀಡಿಯಂನಲ್ಲಿ ಗ್ಲೂಕೋಸ್ 5.56 ಮಿಲಿಮೋಲಾರ್. 1989ರ ಸಿಝಡ್‌ಬಿ ಮೀಡಿಯಂ ಅದನ್ನು ಪೂರ್ತಿ ತೆಗೆದು, 1 ಮಿಲಿಮೋಲಾರ್ ಗ್ಲುಟಮಿನ್ (ಒಂದು ಅಮೈನೋ ಆಮ್ಲ) ಮತ್ತು ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿತು. ಗ್ಲೂಕೋಸ್ ಕೊಡುವುದು 48 ಗಂಟೆಯ ನಂತರ. ಬ್ಲಾಕ್ ಮುರಿಯಿತು, ಗ್ಲೂಕೋಸ್‌ಗೆ ಕೆಟ್ಟ ಹೆಸರು ಅಂಟಿತು. ಆದರೆ ಕೆಎಸ್‌ಒಎಂನಲ್ಲಿ (ಇನ್ನೊಂದು ಮೀಡಿಯಂ; ಮಿಲಿಮೋಲಾರ್ ಲೆಕ್ಕದಲ್ಲಿ ಪೈರುವೇಟ್ 0.2, ಲ್ಯಾಕ್ಟೇಟ್ 10, ಗ್ಲೂಕೋಸ್ 0.2) ಗ್ಲೂಕೋಸನ್ನು 5.56ಕ್ಕೆ ಏರಿಸಿದರೂ ಭ್ರೂಣ ಬ್ಲಾಸ್ಟೋಸಿಸ್ಟ್ (ಒಳಗೆ ದ್ರವ ತುಂಬಿದ ಟೊಳ್ಳು ಗೋಳದ) ಹಂತ ಮುಟ್ಟುತ್ತದೆ. ಅಂದರೆ ಒಂದು ವಸ್ತುವಿನ ದೋಷವಲ್ಲ, ಇಡೀ ದ್ರಾವಣದ ಹದ.

ಈ ಹದ ಹೆಚ್ಚಾಗಿ ಕೆಡುವುದು ಬಾಟಲಿಯಲ್ಲಲ್ಲ, ಡಿಶ್‌ನಲ್ಲಿ. ಗಾಳಿ ಬೀಸುವ ಹುಡ್‌ನಲ್ಲಿ, ಬಿಸಿ ಸ್ಟೇಜ್ ಮೇಲೆ 10 ಮೈಕ್ರೊಲೀಟರ್ ಹನಿಗಳನ್ನು ನಿಧಾನವಾಗಿ ಇಡುತ್ತಾ ಹೋದರೆ, ಎಣ್ಣೆ ಸುರಿಯುವಷ್ಟರಲ್ಲಿ ನೀರು ಆರಿ, ಕೆಎಸ್‌ಒಎಂನ ಸುಮಾರು 250 ಮಿಲಿಆಸ್ಮೋಲ್ ಸಾಂದ್ರತೆ (ಕರಗಿದ ಕಣಗಳ ಒಟ್ಟು ಅಳತೆ) ಮೇಲೇರಿರುತ್ತದೆ. 300 ದಾಟಿದರೆ ಅದೇ ಹಳೆಯ ಬ್ಲಾಕ್. ತಣ್ಣನೆಯ ಸ್ಟೇಜ್ ಮೇಲೆ, ಗಾಳಿ ನಿಲ್ಲಿಸಿ, ಒಮ್ಮೆಗೆ ನಾಲ್ಕೈದು 20 ಮೈಕ್ರೊಲೀಟರ್ ಹನಿ ಇಟ್ಟು ತಕ್ಷಣ ಮಿನರಲ್ ಆಯಿಲ್ ಮುಚ್ಚಿ. ರಾತ್ರಿಯಿಡೀ 5% ಕಾರ್ಬನ್ ಡೈಆಕ್ಸೈಡ್, 5% ಆಮ್ಲಜನಕದಲ್ಲಿ ಹದಗೊಳ್ಳಲಿ.

ಇನ್ನೊಂದು ಗುಪ್ತ ಶತ್ರು ಗ್ಲುಟಮಿನ್. 37 ಡಿಗ್ರಿಯಲ್ಲಿ ಅದು ತಾನಾಗಿ ಒಡೆದು ಅಮೋನಿಯಂ ಬಿಡುತ್ತದೆ. ಅದರ ಬದಲು ಸುಲಭಕ್ಕೆ ಒಡೆಯದ ಅಲನೈಲ್-ಗ್ಲುಟಮಿನ್ ಬಳಸಿ.

ಹೊಸ ಬ್ಯಾಚ್ ಪರೀಕ್ಷಿಸುವಾಗ ಎಫ್1 ಹೈಬ್ರಿಡ್ (ಎರಡು ತಳಿ ಬೆರೆಸಿದ ಮೊದಲ ಪೀಳಿಗೆಯ) ಇಲಿಯ ಭ್ರೂಣವನ್ನಷ್ಟೇ ನೆಚ್ಚಿಕೊಳ್ಳಬೇಡಿ. ಅವು ಎಂ16ನಲ್ಲೂ ಸಲೀಸಾಗಿ ಬ್ಲಾಕ್ ದಾಟುತ್ತವೆ, ನಿಮ್ಮ ತಪ್ಪನ್ನೂ ಮುಚ್ಚಿಹಾಕುತ್ತವೆ. ಬ್ಲಾಕ್‌ಗೆ ಸಿಕ್ಕುವ ತಳಿಯ ಏಕಕೋಶ ಭ್ರೂಣಗಳನ್ನೇ ಹಾಕಿ, 96 ಗಂಟೆಗೆ ಬ್ಲಾಸ್ಟೋಸಿಸ್ಟ್ ಎಣಿಸಿ.