ಕಾಲಿನ ಆಪರೇಷನ್ ಆದ ಮರಿಯನ್ನು ಎಷ್ಟು ದಿನ ಕೂಡಿಹಾಕಬೇಕು?

ಪ್ರಶ್ನೆ: ನಮ್ಮ 4 ತಿಂಗಳ ನಾಯಿಮರಿ ಸೋಫಾದಿಂದ ಹಾರಿ ಮುಂಗಾಲು ಮುರಿದುಕೊಂಡಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದಾರೆ. ಒಂದು ವಾರ ಆಯ್ತು. ಆಗಲೇ ಓಡೋಕೆ ನೋಡುತ್ತೆ, ಕೇಜಿನಲ್ಲಿಟ್ಟರೆ ಅಳುತ್ತೆ. ಇಷ್ಟು ಚೆನ್ನಾಗಿ ನಡೆಯುತ್ತಿದ್ದರೂ ಕೂಡಿಹಾಕಬೇಕಾ? ಇನ್ನೂ ಎಷ್ಟು ದಿನ?

ಉತ್ತರ: ಕೂಡಿಹಾಕಬೇಕು. ಮರಿಯ ನಡಿಗೆ ನೋಡಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ, ಎಕ್ಸ್-ರೇ ನೋಡಿಯೇ ಮಾಡಬೇಕು. ಒಂದೇ ವಾರಕ್ಕೆ ಕಾಲೂರಿ ಓಡಲು ನೋಡುತ್ತಿದೆ ಅಂದರೆ ಆಪರೇಷನ್ ಚೆನ್ನಾಗಿ ಆಗಿದೆ. ಅಷ್ಟೇ. ಮೂಳೆ ಇನ್ನೂ ಕೂಡಿಲ್ಲ. ಈಗ ಭಾರ ಹೊರುತ್ತಿರುವುದು ಮೂಳೆಗೆ ಬಿಗಿದ ಲೋಹದ ಪ್ಲೇಟು ಮತ್ತು ಸ್ಕ್ರೂಗಳು. ಜೊತೆಗೆ ನೋವಿನ ಔಷಧಿಯೂ ಕೆಲಸ ಮಾಡುತ್ತಿದೆ. ನೋವಿಲ್ಲದ ಮೇಲೆ 4 ತಿಂಗಳ ಮರಿ ಸುಮ್ನೆ ಯಾಕೆ ಕೂರುತ್ತೆ ಹೇಳಿ.

ಲೋಹ ತಾನೇ, ಅದೂ ಮುರಿಯುತ್ತಾ ಅಂತ ಅನಿಸಬಹುದು. ಮುರಿಯುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಒಂದು ಹೊತ್ತಿಗೆ ಪಟ್ಟನೆ ತುಂಡಾಗುತ್ತದಲ್ಲ, ಪ್ಲೇಟಿನ ಕಥೆಯೂ ಅದೇ. ಮೂಳೆ ತನ್ನ ಪಾಲಿನ ಭಾರ ಹೊತ್ತುಕೊಳ್ಳುವ ಮೊದಲೇ ಮರಿ ದಿನವಿಡೀ ನೆಗೆಯುತ್ತಿದ್ದರೆ ಪ್ಲೇಟ್ ಬಾಗಬಹುದು, ಮುರಿಯಬಹುದು, ಇಲ್ಲವೇ ಸ್ಕ್ರೂ ಕಿತ್ತು ಬರಬಹುದು. ಮರಿಗಳ ಮೂಳೆ ಮೆತ್ತಗಿರುವುದರಿಂದ ಸ್ಕ್ರೂ ಹಿಡಿತವೂ ಅಷ್ಟು ಬಿಗಿ ಇರುವುದಿಲ್ಲ. ಮತ್ತೆ ಆಪರೇಷನ್ ಮಾಡಬೇಕಾಗಿ ಬಂದರೆ ಅದು ಮೊದಲನೆಯದಕ್ಕಿಂತ ಕಷ್ಟದ್ದು. ಅದಕ್ಕೇ ಮೊದಲ ವಾರಕ್ಕಿಂತ ಎರಡು, ಮೂರನೇ ವಾರಗಳ ಬಗ್ಗೆ ನನಗೆ ಭಯ ಜಾಸ್ತಿ. ಮೊದಲ ವಾರ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಆಮೇಲೆ ಮರಿ ಚುರುಕಾಗುತ್ತೆ, ಮನೆಯವರು ಸಡಿಲ ಬಿಡುತ್ತಾರೆ.

ಇನ್ನು ದಿನಗಳ ಲೆಕ್ಕ. ಮರಿಗಳ ಮೂಳೆ ದೊಡ್ಡ ನಾಯಿಗಳಿಗಿಂತ ಎಷ್ಟೋ ಬೇಗ ಕೂಡುತ್ತದೆ, ಅದೊಂದು ಪುಣ್ಯ. 3 ತಿಂಗಳೊಳಗಿನ ಮರಿಗೆ 3–4 ವಾರ ಸಾಕಾಗಬಹುದು. ನಿಮ್ಮ ಮರಿಯ ವಯಸ್ಸಿಗೆ ಆಪರೇಷನ್ ಆದ ದಿನದಿಂದ 6ರಿಂದ 8 ವಾರ ಎಂದುಕೊಳ್ಳಿ. ಪ್ಲೇಟ್ ಹಾಕಿದ ಕಾಲು ಪೂರ್ತಿ ಗಟ್ಟಿಯಾಗಲು ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ವರ್ಷ ದಾಟಿದ ನಾಯಿಯಾದರೆ 2–3 ತಿಂಗಳು, ಅದಕ್ಕೂ ಮೇಲೆ. ನಿಮ್ಮದು ಪೊಮೆರೇನಿಯನ್, ಚಿಹುವಾಹುವಾ, ಟಾಯ್ ಪೂಡಲ್ ಥರದ ಪುಟ್ಟ ಜಾತಿಯಾಗಿದ್ದು, ಮೂಳೆ ಮಣಿಕಟ್ಟಿನ ಸ್ವಲ್ಪ ಮೇಲೆ ಮುರಿದಿದ್ದರೆ ಇನ್ನೂ ತಾಳ್ಮೆ ಬೇಕು. ಸೋಫಾದಿಂದಲೋ ಕೈಯಿಂದಲೋ ಹಾರಿದ ಪುಟ್ಟ ಜಾತಿಯ ಮರಿಗಳು ಮುರಿದುಕೊಳ್ಳುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಅಲ್ಲಿ ಮೂಳೆ ತೆಳು, ಸುತ್ತ ಮಾಂಸ ಕಡಿಮೆ, ರಕ್ತ ಹರಿಯುವುದೂ ಕಡಿಮೆ. ಹಾಗಾಗಿ ಕೂಡುವುದು ನಿಧಾನ.

ಕೇಜ್ ಎಷ್ಟು ದೊಡ್ಡದಿರಬೇಕು? ಮರಿ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ದೊಡ್ಡದು ಬೇಡ. ಪಾಪ, ಸ್ವಲ್ಪ ಜಾಗ ಇರಲಿ ಅಂತ ದೊಡ್ಡ ಕೇಜ್ ತಂದರೆ ಅದರೊಳಗೇ ಓಟ ಶುರುವಾಗುತ್ತೆ. ಮೇಲೆ ಮುಚ್ಚಳ ಇಲ್ಲದ ಬೇಲಿಯೂ ಈಗ ಬೇಡ. ಮರಿಗಳು ಬೇಲಿಗೆ ಮುಂಗಾಲು ಕೊಟ್ಟು ಹಿಂಗಾಲ ಮೇಲೆ ನಿಂತು ಕುಣಿಯುತ್ತವೆ. ಮುಂಗಾಲಲ್ಲಿ ಪ್ಲೇಟ್ ಇದ್ದಾಗ ಆಮೇಲೆ ಕೆಳಗೆ ದೊಪ್ಪನೆ ಬೀಳುವುದೇ ಅಪಾಯ.

ಅಳುವ ವಿಷಯಕ್ಕೆ ಬರೋಣ. ಕೇಜನ್ನು ಒಂಟಿ ಮೂಲೆಯಲ್ಲಿ ಇಡಬೇಡಿ, ಮನೆಯವರು ಕೂರುವ ಜಾಗದಲ್ಲೇ ಇಡಿ. ಊಟವನ್ನೆಲ್ಲ ಅದರೊಳಗೇ ಕೊಡಿ. ಅದನ್ನೂ ಬಟ್ಟಲಿಗೆ ಸುರಿಯುವ ಬದಲು ಒಂದು ಹಳೇ ಟವೆಲ್ ಹಾಸಿ, ಕಾಳುಕಾಳಾಗಿ ಹರಡಿ, ಸಡಿಲವಾಗಿ ಸುರುಳಿ ಸುತ್ತಿ ಕೊಡಿ. ಮೂಸಿ ಮೂಸಿ, ಮೂಗಿನಲ್ಲೇ ಬಿಡಿಸಿ ತಿನ್ನುವಷ್ಟರಲ್ಲಿ ಮರಿಗೆ ಸುಸ್ತಾಗಿರುತ್ತೆ. ಮೂಗಿನ ಕೆಲಸವೂ ದಣಿಸುತ್ತದೆ, ಕಾಲಿಗೆ ಮಾತ್ರ ಭಾರವಿಲ್ಲ. ನೆಕ್ಕುವ, ಜಗಿಯುವ ಆಟಿಕೆಗಳೂ ಒಳ್ಳೆಯವು. ಕೂತಲ್ಲೇ ಕಲಿಯುವ ಪಾಠಗಳೂ ಇವೆ: ಹೆಸರು ಕರೆದರೆ ಕಣ್ಣಿಗೆ ಕಣ್ಣು ಕೊಡುವುದು, ಅಂಗೈಗೆ ಮೂಗು ತಾಗಿಸುವುದು, ಪಂಜ ಮುಟ್ಟಿಸಿಕೊಳ್ಳುವುದು. ಅಳು ನಿಂತ ಕ್ಷಣದಲ್ಲಿ ಮಾತಾಡಿಸಿ, ಅಳುವಾಗ ಬಾಗಿಲು ತೆರೆಯಬೇಡಿ. ಇಷ್ಟಾದರೂ ಮರಿ ಕೇಜಿಗೆ ಡಿಕ್ಕಿ ಹೊಡೆಯುತ್ತಿದ್ದರೆ ಡಾಕ್ಟರಿಗೆ ಹೇಳಿ. ಶಾಂತವಾಗಿರಿಸುವ ಔಷಧಿಗಳಿವೆ, ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದವು. ಔಷಧಿ ಕೊಟ್ಟು ಮಲಗಿಸುವುದು ಅನ್ಯಾಯ ಅಂತ ಹಲವರಿಗೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಪ್ಲೇಟ್ ಕಿತ್ತುಬರುವುದಕ್ಕಿಂತ ಇದು ಎಷ್ಟೋ ವಾಸಿ. ಒಂದು ಎಚ್ಚರ: ಮನುಷ್ಯರಿಗೆಂದು ಮಾಡಿದ ದ್ರವರೂಪದ ಗ್ಯಾಬಪೆಂಟಿನ್‌ನಲ್ಲಿ ಕೆಲವೊಮ್ಮೆ ಸಿಹಿಗಾಗಿ ಕ್ಸೈಲಿಟಾಲ್ ಸೇರಿಸಿರುತ್ತಾರೆ. ಅದು ನಾಯಿಗಳಿಗೆ ವಿಷ.

ಇಷ್ಟೆಲ್ಲ ಕೂಡಿಹಾಕುವ ಮಾತಾಡಿದ ಮೇಲೆ, ಉಲ್ಟಾ ಮಾತೂ ಹೇಳಲೇಬೇಕು. ಓಟ, ನೆಗೆತ, ಜಾರಾಟ ಪೂರ್ತಿ ನಿಲ್ಲಬೇಕು. ಕಾಲಿನ ಬಳಕೆ ಮಾತ್ರ ನಿಲ್ಲಬಾರದು. ಪ್ಲೇಟ್ ಹಾಕುವುದೇ ಕಾಲನ್ನು ಬೇಗ ಊರಲಿ ಅಂತ. ಹಗುರವಾಗಿ ಭಾರ ಬಿದ್ದರೆ ಮೂಳೆಗೂ ಒಳ್ಳೆಯದು, ಕೀಲಿಗೂ ಒಳ್ಳೆಯದು. ಸುಮಾರು ಮರಿಗಳು ಕೆಲವೇ ದಿನಗಳಲ್ಲಿ ಬೆರಳ ತುದಿಯನ್ನಾದರೂ ನೆಲಕ್ಕೆ ತಾಗಿಸುತ್ತವೆ, 2 ವಾರ ಕಳೆಯುವ ಹೊತ್ತಿಗೆ ಕುಂಟುತ್ತಾದರೂ ಭಾರ ಹಾಕುತ್ತವೆ.

ಡಾಕ್ಟರು ನಡೆಸಿ ಅಂದಿದ್ದರೆ ಹೇಗೆ ನಡೆಸುವುದು ಅನ್ನುವುದು ಮುಖ್ಯ. ಲೀಷ್ ಗಿಡ್ಡಕ್ಕೆ ಹಿಡಿದು, ಆದಷ್ಟೂ ನಿಧಾನಕ್ಕೆ. ನೀವು ಬೇಗ ನಡೆದರೆ ಮರಿ ಜಾಣತನ ಮಾಡುತ್ತೆ, ನೋಯುವ ಕಾಲನ್ನು ಎತ್ತಿಕೊಂಡು ಮೂರೇ ಕಾಲಲ್ಲಿ ಕುಪ್ಪಳಿಸಿಕೊಂಡು ಬಂದುಬಿಡುತ್ತೆ. ನಿಧಾನಕ್ಕೆ, ಇನ್ನೂ ನಿಧಾನಕ್ಕೆ ಹೋಗಿ ನೋಡಿ. ಒಂದು ಹಂತದಲ್ಲಿ ಆ ನಾಲ್ಕನೇ ಕಾಲು ಕೆಳಗಿಳಿಯುತ್ತೆ. ಮೊದಲು ಬೆರಳ ತುದಿ, ಎರಡು ಹೆಜ್ಜೆ ಆದಮೇಲೆ ಪೂರ್ತಿ ಪಂಜ. ಆ ವೇಗವೇ ನಿಮ್ಮ ವೇಗ. ಮೊದಮೊದಲು ಮಲ, ಮೂತ್ರಕ್ಕೆ ಹೊರಗೆ ಹೋಗಿ ಬರುವ 5 ನಿಮಿಷವೇ ಸಾಕು. ಹಿಂಗಾಲು ಮುರಿದ ಮರಿಯಾದರೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಜೋಲಿಯಂತೆ ಹಿಡಿದುಕೊಳ್ಳಬಹುದು, ಎತ್ತಿ ತೂಗಾಡಿಸಬಾರದು ಅಷ್ಟೇ.

ತೊಡೆ ಮೂಳೆ ಮುರಿದ ಮರಿ ಇರುವವರು ಇದನ್ನು ಓದುತ್ತಿದ್ದರೆ, ಈ ಭಾಗವನ್ನು ಇನ್ನೊಮ್ಮೆ ಓದಿ. ಮರಿ ಆ ಕಾಲನ್ನು ಬಳಸದೆ ಚಾಚಿಕೊಂಡೇ ಇದ್ದರೆ ತೊಡೆಯ ಮುಂಭಾಗದ ಸ್ನಾಯು ಕುಗ್ಗಿ, ಗಾಯದ ಜಾಗದಲ್ಲಿ ಮೂಳೆಗೆ ಅಂಟಿಕೊಂಡುಬಿಡುತ್ತದೆ. ಆಮೇಲೆ ಮಂಡಿ ಮಡಚುವುದೇ ಇಲ್ಲ, ಕಾಲು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಬೆಳೆಯುವ ಮರಿಗಳಲ್ಲಿ ಇದು ಕೆಲವೇ ವಾರಗಳಲ್ಲಿ ಆಗಿಹೋಗುತ್ತದೆ, ಆದಮೇಲೆ ಸರಿಪಡಿಸುವುದು ತುಂಬ ಕಷ್ಟ. ಹಾಗಾಗಿ ಮೊದಲ ದಿನಗಳಲ್ಲೇ ಡಾಕ್ಟರ ಹತ್ತಿರ ಕಾಲು ಮಡಚಿ ಬಿಡಿಸುವ ವ್ಯಾಯಾಮ ಹೇಳಿಸಿಕೊಳ್ಳಿ, ಅವರ ಮುಂದೆಯೇ ಒಂದು ಸಲ ಮಾಡಿ ತೋರಿಸಿ. ಮರಿಯನ್ನು ಪಕ್ಕಕ್ಕೆ ಮಲಗಿಸಿ, ಕೀಲಿನ ಮೇಲೊಂದು ಕೆಳಗೊಂದು ಕೈ ಕೊಟ್ಟು, ಮೆಲ್ಲಗೆ ಮಡಚಿ ಮೆಲ್ಲಗೆ ಚಾಚುವುದು. ಮರಿ ತಿರುಗಿ ನಿಮ್ಮ ಕೈ ನೋಡಿದರೆ ಅಥವಾ ಕಾಲು ಎಳೆದುಕೊಂಡರೆ ಅಲ್ಲಿಗೆ ನಿಲ್ಲಿಸಿ. ಮಂಡಿ ನಿನ್ನೆಗಿಂತ ಇವತ್ತು ಕಡಿಮೆ ಮಡಚುತ್ತಿದೆ ಅನಿಸಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡಿಯ ಕೆಳಗೆ. ಇಳಿಸುವಾಗ ನಾಲ್ಕೂ ಪಂಜ ನೆಲಕ್ಕೆ ತಾಗಿದ ಮೇಲೇ ಕೈ ಬಿಡಿ. ಪುಟ್ಟ ಮರಿಗಳು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಹಾರುತ್ತವೆ. ನಯವಾದ ನೆಲದ ಮೇಲೆ ರಬ್ಬರ್ ಮ್ಯಾಟೋ ಯೋಗ ಮ್ಯಾಟೋ ಹಾಸಿ, ಉಗುರು ಕತ್ತರಿಸಿ, ಪಂಜದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ತೆಗೆಸಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಸದ್ಯಕ್ಕೆ ಬೇರೆ ಬೇರೆ.

ಗಾಯ ಮತ್ತು ಬ್ಯಾಂಡೇಜ್. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ಮರಿಯ ಬಾಯಿ ಗಾಯಕ್ಕೆ ತಾಗದಂತೆ ತಡೆಯುವ ಕತ್ತಿನ ಕೋನ್ ಇರಲೇಬೇಕು, ರಾತ್ರಿ ಕೂಡ. ನಾನು ನೋಡ್ತಾನೇ ಇರ್ತೀನಿ ಅಂತ ಕೋನ್ ತೆಗೆಯುವವರಿದ್ದಾರೆ. ಹೊಲಿಗೆ ಕಿತ್ತುಹಾಕಲು ಮರಿಗೆ ಒಂದೇ ನಿಮಿಷ ಸಾಕು. ಮೊದಲ ಕೆಲವು ದಿನ ಗಾಯದ ಬಾವು ಕೆಳಗೆ ಪಂಜದ ಕಡೆಗೆ ಇಳಿಯುವುದುಂಟು, ಅದು ತಾನಾಗಿ ಇಳಿದುಹೋಗುತ್ತದೆ. ಬ್ಯಾಂಡೇಜ್ ಹಾಕಿದ್ದರೆ ದಿನಕ್ಕೆರಡು ಸಲ ತುದಿಯಲ್ಲಿ ಕಾಣುವ ನಡುವಿನ ಎರಡು ಬೆರಳುಗಳನ್ನು ನೋಡಿ. ಬೆಚ್ಚಗಿರಬೇಕು. ಎರಡು ಉಗುರುಗಳು ಅಕ್ಕಪಕ್ಕ ಹತ್ತಿರ ಇರಬೇಕು. ಅವು ಒಂದರಿಂದೊಂದು ದೂರ ಸರಿದು ಅಗಲವಾಗಿದ್ದರೆ ಒಳಗೆ ಬಾವು ಬಂದಿದೆ, ಪಟ್ಟಿ ಬಿಗಿಯಾಗಿದೆ ಅಂತ ಲೆಕ್ಕ. ಅವತ್ತೇ ತೋರಿಸಿ. ಮರಿ ವಾರವಾರಕ್ಕೂ ಬೆಳೆಯುತ್ತಿರುತ್ತೆ, ಹೋದ ವಾರ ಸರಿಯಿದ್ದ ಪಟ್ಟಿ ಈ ವಾರ ಬಿಗಿ. ಒದ್ದೆಯಾಗಲು ಬಿಡಬೇಡಿ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದ ಕೂಡಲೇ ಬಿಚ್ಚಿ. ವಾಸನೆ ಬಂದರೆ, ಪಟ್ಟಿ ಜಾರಿದರೆ, ಮರಿ ಇದ್ದಕ್ಕಿದ್ದ ಹಾಗೆ ಅದನ್ನೇ ಕಚ್ಚತೊಡಗಿದರೆ ಒಳಗೇನೋ ತೊಂದರೆ ಇದೆ.

ಔಷಧಿ ಬಗ್ಗೆ ಎರಡೇ ಮಾತು. ಬರೆದುಕೊಟ್ಟ ನೋವಿನ ಔಷಧಿಯನ್ನು, ಮೆಲೋಕ್ಸಿಕಾಮ್ ಅಥವಾ ಕಾರ್ಪ್ರೊಫೆನ್ ಇರಬಹುದು, ಊಟದ ಜೊತೆ ಕೊಡಿ. ವಾಂತಿ, ಭೇದಿ, ಕಪ್ಪು ಮಲ ಕಂಡರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ಡಬ್ಬಿಯಲ್ಲಿರುವ ಐಬುಪ್ರೊಫೇನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್ ಯಾವುದನ್ನೂ ನೀವಾಗಿಯೇ ಕೊಡಬೇಡಿ, ಚೂರೂ ಬೇಡ.

ಮೂಳೆ ಮುರಿದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಕ್ಯಾಲ್ಸಿಯಂ. ಮರಿಗಳಿಗೆಂದೇ ಮಾಡಿದ ಸಮತೋಲಿತ ಆಹಾರ ತಿನ್ನುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಬೇಕಿಲ್ಲ. ಎಳೆ ಮರಿಯ ಕರುಳು ಜಾಸ್ತಿಯಾದದ್ದನ್ನು ತಡೆಯಲಾರದೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದರಿಂದ ಮೂಳೆಯ ಬೆಳವಣಿಗೆಯೇ ಕೆಡಬಹುದು, ದೊಡ್ಡ ಜಾತಿಯ ಮರಿಗಳಲ್ಲಿ ಇನ್ನೂ ಹೆಚ್ಚು. ಬರೀ ಮಾಂಸ ತಿಂದು ಬೆಳೆದ ಮರಿಯ ವಿಷಯ ಬೇರೆ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮೂಳೆ ತೆಳುವಾಗಿ ಸಣ್ಣ ನೆಗೆತಕ್ಕೇ ಮುರಿಯುತ್ತದೆ. ನಿಮ್ಮ ಮರಿಗೆ ಏನು ಹಾಕುತ್ತಿದ್ದಿರಿ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಓಡಾಟ ಕಡಿಮೆ ಅಂತ ಊಟ ಅರ್ಧ ಮಾಡಬೇಡಿ, ಅದು ಬೆಳೆಯುತ್ತಿರುವ ಮರಿ.

ಇನ್ನೊಂದು ವಿಷಯ, ಇದನ್ನು ಜನ ಕೇಳುವುದೇ ಕಡಿಮೆ. ಮರಿಗಳು ಸುಮಾರು 3ರಿಂದ 14 ವಾರದವರೆಗೆ ಲೋಕವನ್ನು ಪರಿಚಯ ಮಾಡಿಕೊಳ್ಳುತ್ತವೆ. ಆ ವಯಸ್ಸಿನಲ್ಲಿ, ಅಥವಾ ನಿಮ್ಮ ಮರಿಯಂತೆ ಅದನ್ನು ಈಗಷ್ಟೇ ದಾಟಿದಾಗ, ವಾರಗಟ್ಟಲೆ ಕೇಜಿನಲ್ಲೇ ಕಳೆದರೆ ಕಾಲು ವಾಸಿಯಾಗಿ ಮರಿ ಪುಕ್ಕಲಾಗಬಹುದು. ಎತ್ತಿಕೊಂಡೇ ಹೊರಗೆ ಹೋಗಿ. ವಾಹನದ ಸದ್ದು, ಮಕ್ಕಳು, ಛತ್ರಿ ಹಿಡಿದವರು, ಎಲ್ಲವನ್ನೂ ತೋಳಿನ ಮೇಲಿಂದಲೇ ನೋಡಲಿ. ಲಸಿಕೆ ಯಾವಾಗ ಹಾಕಿಸಬಹುದು ಎಂದೂ ಕೇಳಿಟ್ಟುಕೊಳ್ಳಿ.

ಕಾಲು ಊರುತ್ತಿದ್ದ ಮರಿ ಇದ್ದಕ್ಕಿದ್ದಂತೆ ಊರುವುದನ್ನು ಬಿಟ್ಟರೆ ಅದೇ ದೊಡ್ಡ ಸೂಚನೆ. ನಾಳೆ ನೋಡೋಣ ಅನ್ನಬೇಡಿ. ಗಾಯ ಬಿಸಿಯಾಗಿ ಊದಿಕೊಂಡರೆ, ಕೀವು ಸೋರಿದರೆ, ಮಂಕಾಗಿ ಊಟ ಬಿಟ್ಟರೆ ಕೂಡ ಅಷ್ಟೇ. ನಾಯಿಯ ಮಾಮೂಲು ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ ಲೆಕ್ಕಕ್ಕೆ ಅದು ಜ್ವರದಂತೆ ಕಾಣುತ್ತದೆ, ಗಾಬರಿ ಬೇಡ.

ಮೊದಲ ಎಕ್ಸ್-ರೇ ಯಾವಾಗ ಅಂತ ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ಮರಿಗಳಲ್ಲಿ ಮೂಳೆ ಬೇಗ ಕೂಡುವುದರಿಂದ 3–4 ವಾರಕ್ಕೇ ತೆಗೆಯುವುದುಂಟು. ಆಗ ಮೂಳೆ ಕೂಡಿದೆಯಾ ಅನ್ನುವುದರ ಜೊತೆ ಇನ್ನೊಂದನ್ನೂ ಕೇಳಿ: ಮೂಳೆ ತುದಿಯ ಬೆಳವಣಿಗೆ ಜಾಗಕ್ಕೆ ಪೆಟ್ಟು ಬಿದ್ದಿದೆಯಾ? ಮುಂಗಾಲಿನಲ್ಲಿ ಎರಡು ಮೂಳೆಗಳು ಜೊತೆಜೊತೆಯಾಗಿ ಬೆಳೆಯಬೇಕು. ಒಂದು ನಿಂತು ಇನ್ನೊಂದು ಬೆಳೆದರೆ ಕಾಲು ಸೊಟ್ಟಗಾಗುತ್ತದೆ. ಇದು ತಿಂಗಳುಗಳ ಮೇಲೆ ಕಣ್ಣಿಗೆ ಬೀಳುವ ತೊಂದರೆ. ಎರಡು ವಾರಕ್ಕೊಮ್ಮೆ ಮರಿಯನ್ನು ಎದುರಿಗೆ ನಿಲ್ಲಿಸಿ ಎರಡೂ ಮುಂಗಾಲು ಕಾಣುವಂತೆ ಫೋಟೊ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಫೋಟೊ ಜೋಡಿಸಿದಾಗ ಕಾಣುತ್ತದೆ.

ಎಕ್ಸ್-ರೇಯಲ್ಲಿ ಮೂಳೆ ಕೂಡಿದೆ ಅಂದ ದಿನವೇ ಲೀಷ್ ಬಿಚ್ಚಬೇಡಿ. ನಡಿಗೆಯನ್ನು ವಾರವಾರಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಓಟ ಎಲ್ಲಕ್ಕಿಂತ ಕೊನೆಗೆ. ಸೋಫಾ ಪಕ್ಕ ಮೆಟ್ಟಿಲೋ ಇಳಿಜಾರಿನ ಹಲಗೆಯೋ ಇಟ್ಟು ಅಭ್ಯಾಸ ಮಾಡಿಸಿ. ಬೆಳೆಯುವ ಮರಿಯಾದ್ದರಿಂದ ಪ್ಲೇಟನ್ನು ಆಮೇಲೆ ತೆಗೆಯಬೇಕಾ ಎಂದೂ ಕೇಳಿ, ಕೆಲವು ಮರಿಗಳಿಗೆ ತೆಗೆಯುತ್ತಾರೆ. ತೆಗೆದರೆ ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವ ಕೆಲವು ವಾರ ಮೂಳೆ ಮತ್ತೆ ದುರ್ಬಲ, ಮತ್ತೆ ಅದೇ ಕಟ್ಟುನಿಟ್ಟು. ಆ ಕೇಜನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ.